ಮೊದಲು ಮಾಸ್ಕ್, ಆಮೇಲೆ ಮಿಕ್ಕಿದ್ದು
ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯವರಿಗೆ ಸ್ಕೂಬಾ ಅಂದರೆ ಘಟ್ಟ ಇಳಿದು ಮುರ್ಡೇಶ್ವರ, ಅಲ್ಲಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪ. ಹೊಳೆಯಲ್ಲಿ ಈಜಿ ಬೆಳೆದವರೂ ಅಲ್ಲಿ ತಡವರಿಸುವುದು ಉಸಿರಾಟದಲ್ಲಿ. ಮೂಗು ಮಾಸ್ಕಿನೊಳಗೆ ಬಂದ್, ಬಾಯಲ್ಲೇ ಉಸಿರು, ಅದನ್ನೂ ಹಿಡಿದಿಡುವಂತಿಲ್ಲ. 10 ಮೀಟರ್ ಆಳದಲ್ಲಿ ಒತ್ತಡ ದುಪ್ಪಟ್ಟು. ಉಸಿರು ಕಟ್ಟಿ ಮೇಲೇರಿದರೆ ಒಳಗಿನ ಗಾಳಿ ಹಿಗ್ಗಿ ಶ್ವಾಸಕೋಶಕ್ಕೇ ಪೆಟ್ಟು. ಸಿಲಿಂಡರ್, ರೆಗ್ಯುಲೇಟರ್ ಬಾಡಿಗೆಗೆ ಸಿಗುತ್ತವೆ. ದುಡ್ಡು ಹಾಕುವುದಾದರೆ ಮೊದಲು ಮಾಸ್ಕಿಗೆ. ಪಟ್ಟಿ ಬಿಗಿಯದೆ ಮುಖಕ್ಕೊತ್ತಿ, ಮೂಗಿನಿಂದ ಗಾಳಿ ಎಳೆದಾಗ ಬೀಳದೆ ನಿಂತರೆ ಅಳತೆ ಸರಿ. ಮೀಸೆಯವರಿಗೆ ಸ್ವಲ್ಪ ಕಷ್ಟವೇ! ಲಿಂಗನಮಕ್ಕಿ ಹಿನ್ನೀರಿನಲ್ಲೇ ಮುಳುಗಿದರಾಯಿತು ಎನ್ನುವವರಿಗೆ ಒಂದು ಲೆಕ್ಕ: ಜಲಾಶಯದ ಪೂರ್ಣಮಟ್ಟ ಸಮುದ್ರಮಟ್ಟದಿಂದ 1819 ಅಡಿ. 300 ಮೀಟರ್ ದಾಟಿದ ಎತ್ತರದಲ್ಲಿ ಎಷ್ಟು ಆಳಕ್ಕೆ ಎಷ್ಟು ಹೊತ್ತು ಎಂದು ಹೇಳುವ ಕಡಲಿನ ಡೈವಿಂಗ್ ಕೋಷ್ಟಕ ಹಾಗೇ ನಡೆಯುವುದಿಲ್ಲ. ಸಿಹಿನೀರೆಂದ ಮೇಲೆ ಮುಳುಗಲು ಸೊಂಟಕ್ಕೆ ಕಟ್ಟುವ ಸೀಸದ ತೂಕವನ್ನೂ ಕಡಿಮೆ ಮಾಡಬೇಕು.