ಹೇಮಾವತಿಯ ನಾಲೆಯ ಏರಿಯ ಮೇಲೊಂದು ಬೈಸಿಕಲ್ ದಾರಿ

ಹಾಸನದ ಮಹಾರಾಜ ಪಾರ್ಕಿಗೆ ಪ್ರಾತಃಕಾಲದಲ್ಲಿ ವಾಯುಸೇವನೆಗೆಂದು ಬರುವ ವೃದ್ಧರನ್ನೂ ಗೃಹಿಣಿಯರನ್ನೂ ವಿದ್ಯಾರ್ಥಿಗಳನ್ನೂ ಕಂಡಾಗ, ಈ ಊರಿನ ಜನಕ್ಕೆ ಹಸುರಿನ ಮೇಲಿರುವ ಪ್ರೀತಿ ಎಷ್ಟೆಂಬುದೂ ಆ ಪ್ರೀತಿಗೆ ಒದಗಿರುವ ನೆಲ ಎಷ್ಟು ಕಿರಿದೆಂಬುದೂ ಒಟ್ಟಿಗೇ ಮನಸ್ಸಿಗೆ ಬರುತ್ತವೆ. ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿರುವ, ಬೇಸಗೆಯ ಸಂಜೆಗೂ ತಂಗಾಳಿಯ ಕೊರತೆಯಿಲ್ಲದ, ‘ಬಡವರ ಊಟಿ’ ಎಂದು ಜನರು ಅಕ್ಕರೆಯಿಂದ ಕರೆಯುವ ಈ ನಗರದಲ್ಲಿ ಬೈಸಿಕಲ್ಲು ತುಳಿಯುವವನಿಗೆ ಪ್ರಕೃತಿಯೇ ಅನುಕೂಲೆಯಾಗಿದ್ದಾಳೆ. ಆದರೆ ಪಾರ್ಕಿನ ಬಾಗಿಲು ದಾಟಿದೊಡನೆ ಅವನಿಗೆ ನಿರ್ಭಯವಾದ ಒಂದು ಫರ್ಲಾಂಗು ದಾರಿಯೂ ದೊರೆಯದು.

ಚನ್ನರಾಯಪಟ್ಟಣದ ಕಡೆಗೆ ಹೊರಟರೆ ಬೆಂಗಳೂರು–ಮಂಗಳೂರು ರಾಷ್ಟ್ರೀಯ ಹೆದ್ದಾರಿ 75. ಹೊಳೆನರಸೀಪುರಕ್ಕೋ ಅರಕಲಗೂಡಿಗೋ ಹೊರಟರೆ ಬಸ್ಸು, ಲಾರಿ, ಟಿಪ್ಪರುಗಳು ಎಡೆಬಿಡದೆ ಓಡುವ ರಸ್ತೆ. ಅಲ್ಲಿ ಬೈಸಿಕಲ್ಲಿನವನ ಪಾಲಿಗೆ ಉಳಿಯುವುದು ಟಾರಿನ ಅಂಚಿನ ಗೇಣಗಲದ ಪಟ್ಟಿ ಮಾತ್ರ. ಆ ಅಂಚೂ ಅಲ್ಲಲ್ಲಿ ಕಿತ್ತುಹೋಗಿ, ಪಕ್ಕದ ಮಣ್ಣು ಮಳೆಗೆ ಕೊಚ್ಚಿಹೋಗಿ, ಹಿಂದಿನಿಂದ ಹಾರನ್ನಿನ ಶಬ್ದ ಕೇಳಿದಾಕ್ಷಣ ಮುಂಗಾಲಿಯನ್ನು ಜಲ್ಲಿಗೆ ಇಳಿಸಬೇಕಾಗುತ್ತದೆ; ಇಳಿಸಿದರೆ ಹ್ಯಾಂಡಲು ಕೈಯಲ್ಲಿ ನಿಲ್ಲದು. 2025ರ ಸೆಪ್ಟೆಂಬರಿನಲ್ಲಿ ಮೊಸಳೆಹೊಸಹಳ್ಳಿಯಲ್ಲಿ ಗಣಪತಿಯ ಮೆರವಣಿಗೆಯ ಮೇಲೆ ಲಾರಿಯೊಂದು ನುಗ್ಗಿ ಎಳೆಯ ಪ್ರಾಣಗಳನ್ನು ಅಪಹರಿಸಿದ ದುಃಖವನ್ನು ಈ ಜಿಲ್ಲೆಯವರಾರೂ ಮರೆತಿಲ್ಲ. ಸರ್ಕಾರವು 2006–07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಬೈಸಿಕಲ್ಲುಗಳನ್ನು ಹಂಚಲಾರಂಭಿಸಿತು. ಅವನ್ನು ತುಳಿಯಲು ದಾರಿಯನ್ನು ಮಾತ್ರ ಯಾರೂ ಕೊಡಲಿಲ್ಲ.

ಆ ದಾರಿಯನ್ನು ಹೊಸದಾಗಿ ನಿರ್ಮಿಸಬೇಕಾದ ಅಗತ್ಯ ನಮ್ಮ ಜಿಲ್ಲೆಗೆ ಬಹುಮಟ್ಟಿಗೆ ಇಲ್ಲವೆಂಬುದೇ ನಾನು ಇಲ್ಲಿ ನಿವೇದಿಸಬಯಸುವ ವಿಷಯ. ಗೊರೂರಿನಲ್ಲಿ ಹೇಮಾವತಿಗೆ ಕಟ್ಟಿದ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡಿತು. ಅದರ ಎಡದಂಡೆಯ ನಾಲೆ ಹೊಳೆನರಸೀಪುರ, ಚನ್ನರಾಯಪಟ್ಟಣ ತಾಲ್ಲೂಕುಗಳ ಕಡೆಗೆ ಹರಿದು ಮುಂದೆ ತುಮಕೂರು, ನಾಗಮಂಗಲಗಳ ಶಾಖೆಗಳಾಗಿ ಒಡೆಯುತ್ತದೆ. ಬಲದಂಡೆಯ ನಾಲೆಗಳು ಅರಕಲಗೂಡಿನ ಹೊಲಗಳಿಗೆ ನೀರುಣಿಸುತ್ತವೆ. ಅಣೆಕಟ್ಟಿಗಿಂತ ಎಷ್ಟೋ ಹಿಂದಿನವಾದ ಹೊಳೆನರಸೀಪುರ ಸೀಮೆಯ ಶ್ರೀರಾಮದೇವರ ಕಟ್ಟೆ, ಕಾವೇರಿಯ ಮೇಲಿನ ಕಟ್ಟೇಪುರದ ಕೃಷ್ಣರಾಜ ಕಟ್ಟೆ, ಇವುಗಳ ಕಾಲುವೆಗಳೂ ಇಂದಿಗೂ ಹರಿಯುತ್ತಿವೆ. ಈ ನಾಲೆಗಳ ಪಕ್ಕದಲ್ಲೆಲ್ಲ ತೂಬುಗಳನ್ನು ನೋಡಿಕೊಳ್ಳುವವರ, ಹೂಳೆತ್ತಿಸುವ ಇಂಜಿನಿಯರುಗಳ ಓಡಾಟಕ್ಕಾಗಿ ಬಿಟ್ಟ ಏರಿಯ ದಾರಿಯುಂಟು. ಅದು ಸಾರ್ವಜನಿಕ ಸ್ವತ್ತು.

ನಾಲೆಯ ದಾರಿಯ ಗುಣವೇ ಬೇರೆ. ನೀರು ತನ್ನಷ್ಟಕ್ಕೆ ಹರಿಯಬೇಕಾದರೆ ನಾಲೆಯು ನೆಲದ ಸಮಪಾತಳಿಯನ್ನು ಹಿಡಿದು, ದಿಣ್ಣೆ ಬಂದಲ್ಲಿ ಬಳಸಿ, ಹಳ್ಳ ಬಂದಲ್ಲಿ ಮೇಲ್ಗಾಲುವೆಯಾಗಿ ದಾಟಿ, ಸಾವಿರಾರು ಅಡಿಗಳ ಪಯಣದಲ್ಲಿ ಒಂದಡಿಯಷ್ಟು ಮಾತ್ರ ಇಳಿಯಬೇಕು. ಏರುಪೇರುಗಳೇ ಸ್ವಭಾವವಾಗಿರುವ ಹಾಸನದ ಸೀಮೆಯಲ್ಲಿ, ಎಂಟು ವರ್ಷದ ಬಾಲಕಿಯೂ ಎಪ್ಪತ್ತರ ಅಜ್ಜನೂ ಏದುಸಿರು ಬಿಡದೆ ತುಳಿಯಬಹುದಾದ ಮೈಲಿಗಟ್ಟಲೆ ಸಮತಲವನ್ನು ಇಂಜಿನಿಯರುಗಳು ತಮಗರಿವಿಲ್ಲದೆಯೇ ಸೃಷ್ಟಿಸಿಟ್ಟಿದ್ದಾರೆ. ಪಕ್ಕದಲ್ಲಿ ನೀರು, ಆಚೆಗೆ ಗದ್ದೆ, ಅಲ್ಲಲ್ಲಿ ಬಟ್ಟೆ ಒಗೆಯುವವರ ಸೋಪಾನಗಳು, ಹಾಲಿನ ಕ್ಯಾನುಗಳನ್ನು ಕ್ಯಾರಿಯರಿಗೆ ಬಿಗಿದು ಡೈರಿಗೆ ಹೊರಟ ರೈತ: ಏರಿಯ ಮೇಲೆ ಬೆಳಗಿನ ಹೊತ್ತು ಎದುರಾಗುವುದು ಇಷ್ಟೇ.

ಈ ದಾರಿಗಳು ಕೂಡಿಕೊಂಡರೆ ಕಾಣಸಿಗುವ ನಾಡು ಎಂಥದೆಂಬುದನ್ನು ಯೋಚಿಸಿ. ಹೊರಡುವುದು ಗೊರೂರಿನಿಂದ, ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು ಹಳ್ಳಿಯ ಬದುಕನ್ನು ಕನ್ನಡಕ್ಕೆ ಚಿತ್ರಿಸಿಕೊಟ್ಟ ಊರಿನಿಂದ. ಜಲಾಶಯದ ಮಗ್ಗುಲಿನ ಶೆಟ್ಟಿಹಳ್ಳಿಯಲ್ಲಿ, ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಕಟ್ಟಿಸಿದ ಇಗರ್ಜಿ ಮಳೆಗಾಲದಲ್ಲಿ ಅರ್ಧ ಮುಳುಗಿ ಬೇಸಗೆಯಲ್ಲಿ ಮತ್ತೆ ತಲೆಯೆತ್ತಿ ನಿಲ್ಲುತ್ತದೆ. ಒಂದು ಕವಲು ಹೊಳೆನರಸೀಪುರದ ಲಕ್ಷ್ಮೀನರಸಿಂಹನ ಸನ್ನಿಧಿಗೆ. ಇನ್ನೊಂದು, ಹೊಗೆಸೊಪ್ಪಿನ ಬ್ಯಾರನ್ನುಗಳ ನಡುವೆ ಅರಕಲಗೂಡನ್ನು ದಾಟಿ, ಕಾವೇರಿಯ ದಡದ ರಾಮನಾಥಪುರಕ್ಕೆ, ಅಲ್ಲಿಂದ ಸಂಗೀತ ವಿದ್ವಾಂಸರ ತವರಾದ ರುದ್ರಪಟ್ಟಣಕ್ಕೆ. ಗಾಯಕ ಆರ್.ಕೆ. ಶ್ರೀಕಂಠನ್ ಅವರು ಹುಟ್ಟಿದ ಆ ಊರಿನಲ್ಲಿ ತಂಬೂರಿಯ ಆಕಾರದ ಮಂದಿರವೊಂದು ನಾದದೇವತೆಗಳಿಗಾಗಿಯೇ ಎದ್ದಿದೆ. ಮತ್ತೊಂದು ಕವಲು ಪೂರ್ವಕ್ಕೆ, ತೆಂಗಿನ ತೋಟಗಳ ಚನ್ನರಾಯಪಟ್ಟಣದ ಕಡೆಗೆ. ಅಲ್ಲಿಂದ ಶ್ರವಣಬೆಳಗೊಳ ದೂರವಿಲ್ಲ. ದಿಗಂಬರ ಮುನಿಗಳು ಇಂದಿಗೂ ಕಾಲ್ನಡಿಗೆಯಿಂದಲೇ ಬಂದು ಸೇರುವ ಆ ಕ್ಷೇತ್ರಕ್ಕೆ ನಮ್ಮ ಮಕ್ಕಳು ಬೈಸಿಕಲ್ಲಿನಲ್ಲಿ ಹೋಗುವಂತಾಗಬೇಕೆಂಬುದು ದೊಡ್ಡ ಆಸೆಯೇನಲ್ಲ.

ಕಷ್ಟಗಳಿಲ್ಲವೆಂದು ನಾನು ಹೇಳಲಾರೆ. ಹಾಸನದಿಂದ ಗೊರೂರಿನವರೆಗಿನ ಇಪ್ಪತ್ತು ಚಿಲ್ಲರೆ ಕಿಲೋಮೀಟರು ದೂರಕ್ಕೆ ನಾಲೆಯ ಆಸರೆಯಿಲ್ಲ. ಅಲ್ಲಿ ಕೆರೆಗಳ ಏರಿಗಳನ್ನೂ ಗ್ರಾಮ ನಕಾಶೆಯಲ್ಲಿ ಕಾಣುವ ಹಳೆಯ ಬಂಡಿದಾರಿಗಳನ್ನೂ ಹುಡುಕಿ, ಒತ್ತುವರಿ ಬಿಡಿಸಿ, ಒಂದಕ್ಕೊಂದು ಜೋಡಿಸಬೇಕು. ಚನ್ನರಾಯಪಟ್ಟಣ ತಾಲ್ಲೂಕಿನ ಬಾಗೂರು–ನವಿಲೆಯಲ್ಲಿ ನೀರು ಸುರಂಗವನ್ನು ಹೊಕ್ಕಿಬಿಡುವುದರಿಂದ, ಅಲ್ಲಿ ಹಳ್ಳಿಯ ರಸ್ತೆಯನ್ನೇ ಹಿಡಿಯಬೇಕಾದೀತು. ಅರಕಲಗೂಡಿನ ಕಾಡಂಚಿನಲ್ಲಿ ಆನೆಗಳ ಸಂಚಾರವುಂಟು. ಅಲ್ಲಿ ಸೂರ್ಯೋದಯಕ್ಕೆ ಮುಂಚೆಯೂ ಸೂರ್ಯಾಸ್ತದ ಅನಂತರವೂ ಯಾರನ್ನೂ ಬಿಡತಕ್ಕದ್ದಲ್ಲ.

ಎಲ್ಲಕ್ಕಿಂತ ಗಂಭೀರವಾದ ಆಕ್ಷೇಪಣೆ ನೀರಿನದು. 2018ರ ನವೆಂಬರ್ 24ರಂದು ಮಂಡ್ಯ ಜಿಲ್ಲೆಯ ಕನಗನಮರಡಿಯಲ್ಲಿ ಖಾಸಗಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಮಂದಿ ಜಲಸಮಾಧಿಯಾದರು. ಅವರಲ್ಲಿ ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳಿದ್ದರು. ಆ ದುರಂತದಿಂದ ಕಲಿಯತಕ್ಕ ಪಾಠವಾದರೂ ಯಾವುದು? ನಾಲೆಯ ಏರಿ ವೇಗವಾಗಿ ಓಡುವ ಮೋಟಾರು ವಾಹನಕ್ಕೆ ತಕ್ಕ ಸ್ಥಳವಲ್ಲವೆಂಬುದಲ್ಲವೆ? ಏರಿಯನ್ನು ಅಗಲಿಸಿ ಟಾರು ಹಾಕಿ ಬಳಸುದಾರಿಯನ್ನಾಗಿ ಮಾಡುವುದು ಅಪಾಯವನ್ನು ಆಹ್ವಾನಿಸಿದಂತೆ. ನಾಲೆ ಆಳವಾದಲ್ಲಿ, ತಿರುವಿನಲ್ಲಿ ತಡೆಗೋಡೆ ಕಟ್ಟಿ, ಬಿದ್ದವನು ಹಿಡಿದೇರಲು ಮೆಟ್ಟಿಲುಗಳನ್ನು ಮಾಡಿ, ರೈತನ ಗಾಡಿ, ಟ್ರ್ಯಾಕ್ಟರು, ಇಲಾಖೆಯ ಜೀಪು ಇವಿಷ್ಟಕ್ಕೆ ಅನುಮತಿ ಕೊಟ್ಟು, ಉಳಿದೆಲ್ಲ ಮೋಟಾರುಗಳಿಗೆ ಏರಿಯ ಬಾಯಲ್ಲಿ ಗೇಟು ಹಾಕಿದರೆ, ಬೈಸಿಕಲ್ಲಿನವನಿಗೆ ಮಾತ್ರವಲ್ಲ, ಹುಲ್ಲುಹೊರೆ ಹೊತ್ತು ಬರುವ ಹೆಂಗಸಿಗೂ ಕ್ಷೇಮ. ರೈತನ ಹಕ್ಕು ಇಲ್ಲಿ ಮೊದಲನೆಯದು. ಪ್ರವಾಸಿಯು ಅವನ ಅತಿಥಿ.

ಇಂಥ ಪ್ರಯತ್ನ ಲೋಕಕ್ಕೆ ಹೊಸದಲ್ಲ. ಗೊರೂರಿನ ಅಣೆಕಟ್ಟು ಮುಗಿದ 1979ರಲ್ಲಿಯೇ ಇಂಗ್ಲೆಂಡಿನ ಬ್ರಿಸ್ಟಲ್, ಬಾತ್ ನಗರಗಳ ನಡುವೆ ರೈಲು ನಿಂತುಹೋಗಿದ್ದ ಹಳಿಯ ಜಾಡನ್ನು ಸ್ವಯಂಸೇವಕರು ತಮ್ಮ ಕೈಗಳಿಂದಲೇ ಹದಗೊಳಿಸಿ ಬೈಸಿಕಲ್ ದಾರಿಯನ್ನಾಗಿ ಮಾಡತೊಡಗಿದರು. ಹದಿಮೂರು ಮೈಲಿಯ ಆ ದಾರಿಯೇ ಮುಂದೆ ಆ ದೇಶದ ವಿಶಾಲವಾದ ಬೈಸಿಕಲ್ ಜಾಲಕ್ಕೆ ಮೂಲವಾಯಿತು. ನಮ್ಮಲ್ಲಿಯೇ ಕಬ್ಬನ್ ಪಾರ್ಕಿನೊಳಗಿನ ರಸ್ತೆಗಳನ್ನು ಭಾನುವಾರ ಮೋಟಾರುಗಳಿಗೆ ಮುಚ್ಚಿದಾಗ ಮಕ್ಕಳು ಅಲ್ಲಿ ಮನಬಂದಂತೆ ಬೈಸಿಕಲ್ಲು ಬಿಡುವುದನ್ನು ಬೆಂಗಳೂರಿನವರು ಕಂಡಿದ್ದಾರೆ. ಮೈಸೂರಿನಲ್ಲಿ 2017ರ ಜೂನಿನಲ್ಲಿ ‘ಟ್ರಿನ್ ಟ್ರಿನ್’ ಎಂಬ ಬಾಡಿಗೆ ಬೈಸಿಕಲ್ ವ್ಯವಸ್ಥೆ ಆರಂಭವಾಯಿತು. ಹಾಸನದ ಮೇಲೆಯೇ ಮೈಸೂರಿನ ರೈಲು ಹೊಳೆನರಸೀಪುರಕ್ಕೂ, 2017ರಲ್ಲಿ ತೆರೆದ ಬೆಂಗಳೂರಿನ ಹಳಿ ಚನ್ನರಾಯಪಟ್ಟಣಕ್ಕೂ ಓಡುತ್ತಿರುವಾಗ, ಬೆಳಗ್ಗೆ ಬೈಸಿಕಲ್ಲಿನಲ್ಲಿ ಹೋದವನು ಸಂಜೆ ರೈಲಿನಲ್ಲಿ ಹಿಂದಿರುಗುವ ಸೌಕರ್ಯವೂ ಕೈಗೆಟುಕುವಷ್ಟು ಸಮೀಪದಲ್ಲಿದೆ.

ಆದುದರಿಂದ ಹೇಮಾವತಿಯ ನಾಲೆಗಳ ಹೊಣೆ ಹೊತ್ತಿರುವ ಕಾವೇರಿ ನೀರಾವರಿ ನಿಗಮದಲ್ಲಿಯೂ ಜಿಲ್ಲಾಡಳಿತದಲ್ಲಿಯೂ ನನ್ನ ವಿಜ್ಞಾಪನೆ ಇಷ್ಟು: ಕೋಟಿಗಳ ಯೋಜನೆಯನ್ನು ಬರೆಯುವ ಮುನ್ನ, ಗೊರೂರಿನ ಕೆಳಗೆ ನಾಲೆಯ ಒಂದು ಹತ್ತು ಕಿಲೋಮೀಟರನ್ನು ಆರಿಸಿಕೊಳ್ಳಿ, ಆಯಕಟ್ಟಿನ ರೈತರನ್ನು ಕೂಡಿಸಿ ಅವರ ಒಪ್ಪಿಗೆ ಪಡೆಯಿರಿ, ಅಪಾಯದ ಕಡೆಗಳಿಗೆ ತಡೆಗೋಡೆ ಕಟ್ಟಿಸಿ, ನಾಲೆಯ ಹೊರಬದಿಗೆ ಹೊಂಗೆ, ನೇರಳೆಗಳ ಸಸಿ ನೆಡಿಸಿ, ಪ್ರತಿ ಭಾನುವಾರ ಬೆಳಗ್ಗೆ ಆರರಿಂದ ಹತ್ತರವರೆಗೆ ಅಲ್ಲಿ ಮೋಟಾರು ವಾಹನಗಳನ್ನು ತಡೆಯಿರಿ. ಒಂದು ವರ್ಷ ಹೀಗೆ ನಡೆಸಿ ನೋಡಿ, ಬರುವ ಮಕ್ಕಳನ್ನು ಎಣಿಸಿ, ಅನಂತರ ಮುಂದಿನ ಹತ್ತು ಕಿಲೋಮೀಟರಿನ ಮಾತನ್ನು ಎತ್ತಬಹುದು.