‘ಎಂತ ಇಲ್ಲ ಬಿಡಿ’ ಎನ್ನುವ ಮೊದಲು

ರಾತ್ರಿ ಊಟಕ್ಕೆ ಮನೆಮಂದಿಯೆಲ್ಲ ಒಟ್ಟಿಗೆ ಕುಳಿತಿರುತ್ತೇವೆ. ಯಾರೋ ಒಂದು ತಮಾಷೆ ಹೇಳುತ್ತಾರೆ, ಎಲ್ಲರೂ ನಗುತ್ತಾರೆ. ಉಪ್ಪ ಮಾತ್ರ ಒಬ್ಬೊಬ್ಬರ ಮುಖ ನೋಡಿ, "ಎಂತ? ಎಂತ ಹೇಳಿದ್ದು?" ಎಂದು ಕೇಳುತ್ತಾರೆ. ಆಗ ನಮ್ಮ ಬಾಯಿಂದ ಬರುವ ಉತ್ತರ ಒಂದೇ: "ಎಂತ ಇಲ್ಲ ಬಿಡಿ." ಉಪ್ಪ ಮತ್ತೆ ಬಟ್ಟಲಿನ ಕಡೆ ನೋಡುತ್ತಾರೆ. ನಾವು ಮಾತು ಮುಂದುವರಿಸುತ್ತೇವೆ.

ಈ ‘ಎಂತ ಇಲ್ಲ ಬಿಡಿ’ಯನ್ನು ನಾವೂ ಎಷ್ಟೋ ವರ್ಷ ಹೇಳಿದ್ದೇವೆ. ಅದರಲ್ಲಿ ತಪ್ಪೇನಿದೆ ಎಂದು ಯೋಚಿಸಿರಲಿಲ್ಲ. ಚಿಕ್ಕ ವಿಷಯ, ಅದಕ್ಕೆ ಯಾಕೆ ಎರಡು ಸಲ ಕಿರುಚುವುದು ಎಂದಷ್ಟೇ ನಮ್ಮ ಲೆಕ್ಕ. ಆದರೆ ದಿನಕ್ಕೆ ಹತ್ತು ಸಲ ಅದನ್ನೇ ಕೇಳಿಸಿಕೊಂಡವರು ಒಂದು ದಿನ ‘ಎಂತ?’ ಎಂದು ಕೇಳುವುದನ್ನೇ ನಿಲ್ಲಿಸುತ್ತಾರೆ. ನಮ್ಮ ಉಪ್ಪ ಹಾಗೆಯೇ ನಿಲ್ಲಿಸಿದರು. ‘ಈಗ ಉಪ್ಪನದ್ದು ಕಿರಿಕಿರಿ ಇಲ್ಲ, ಶಾಂತವಾಗಿದ್ದಾರೆ’ ಎಂದು ನಾವು ಸಮಾಧಾನಪಟ್ಟೆವು. ಅದು ಶಾಂತಿ ಅಲ್ಲ, ಮನೆಯೊಳಗೇ ಅವರು ಒಂಟಿಯಾದದ್ದು ಎಂದು ಗೊತ್ತಾಗಲು ನಮಗೆ ತುಂಬಾ ಸಮಯ ಬೇಕಾಯಿತು.

ಗಲ್ಫಿನಲ್ಲಿರುವ ತಮ್ಮನಿಗೆ ವಿಷಯ ಹೇಳಿದೆವು. ಅವನು ಪಾಪ, ತನ್ನ ಒಂದು ತಿಂಗಳ ಸಂಬಳ ಹಾಕಿ ಒಂದು ಮೆಷಿನ್ ಕೊಂಡು, ಊರಿಗೆ ಬರುವವರ ಕೈಯಲ್ಲಿ ಸೆಂಟು, ಬಾದಾಮಿಯ ಜೊತೆ ಕಳಿಸಿಕೊಟ್ಟ. ಉಪ್ಪನ ಕಿವಿಗೆ ಸಿಕ್ಕಿಸಿದೆವು. ಮೂರೇ ದಿನ. ‘ಬರೀ ಗದ್ದಲ, ತಲೆ ಸಿಡಿಯುತ್ತದೆ’ ಎಂದು ತೆಗೆದು ಕಪಾಟಿನಲ್ಲಿಟ್ಟರು. ‘ಇಷ್ಟು ದುಡ್ಡು ಕೊಟ್ಟು ತಂದದ್ದು, ಹಾಕುವುದಿಲ್ಲವಲ್ಲ’ ಎಂದು ನಾವು ಅವರ ಮೇಲೆಯೇ ಕೋಪ ಮಾಡಿಕೊಂಡೆವು. ಇಂಥ ಮೆಷಿನ್ ನಮ್ಮ ಊರಿನ ಎಷ್ಟು ಕಪಾಟುಗಳಲ್ಲಿ ಮಲಗಿದೆಯೋ!

ತಪ್ಪು ಉಪ್ಪನದ್ದಾಗಿರಲಿಲ್ಲ. ಕನ್ನಡಕ ಕೊಳ್ಳುವಾಗ ಮೊದಲು ಕಣ್ಣು ಪರೀಕ್ಷೆ ಮಾಡಿಸುತ್ತೇವೆ, ಇನ್ನೊಬ್ಬರ ಪವರಿನ ಕನ್ನಡಕವನ್ನು ಯಾರೂ ಹಾಕಿಕೊಳ್ಳುವುದಿಲ್ಲ. ಕಿವಿಯ ಮೆಷಿನ್ ಕೂಡ ಹಾಗೆಯೇ. ಮೊದಲು ಕಿವಿ ಡಾಕ್ಟರು ನೋಡಬೇಕು. ಎಷ್ಟೋ ಸಲ ಒಳಗೆ ಗುಗ್ಗೆ ಗಟ್ಟಿಯಾಗಿರುತ್ತದೆ, ಅದನ್ನು ತೆಗೆದರೇ ಅರ್ಧ ತೊಂದರೆ ಕಡಿಮೆಯಾಗುತ್ತದೆ. ಆಮೇಲೆ ಆಡಿಯಾಲಜಿಸ್ಟ್ ಸದ್ದಿಲ್ಲದ ಕೋಣೆಯಲ್ಲಿ ಕೂರಿಸಿ, ಯಾವ ಸ್ವರ ಎಷ್ಟು ಜೋರಾದರೆ ಕೇಳುತ್ತದೆ ಎಂದು ಒಂದೊಂದಾಗಿ ನೋಡಿ ಗೆರೆ ಹಾಕುತ್ತಾರೆ. ಅದಕ್ಕೆ ಆಡಿಯೋಗ್ರಾಂ ಎನ್ನುತ್ತಾರೆ. ಆ ಗೆರೆ ನೋಡಿ ಮೆಷಿನನ್ನು ಕಂಪ್ಯೂಟರಿಗೆ ಜೋಡಿಸಿ ಹದ ಮಾಡಬೇಕು. ಪಾರ್ಸೆಲಿನಲ್ಲಿ ಬಂದ ಮೆಷಿನಿಗೆ ನಮ್ಮ ಉಪ್ಪನ ಕಿವಿ ಹೇಗಿದೆ ಎಂದು ಹೇಗೆ ಗೊತ್ತಾಗಬೇಕು?

ಇನ್ನೊಂದು ಸಂಗತಿ ನಮಗೆ ಅಲ್ಲಿಯೇ ತಿಳಿದದ್ದು. ವಯಸ್ಸಾದವರಿಗೆ ಸಾಮಾನ್ಯವಾಗಿ ಮೊದಲು ಹೋಗುವುದು ತೀಕ್ಷ್ಣ ಸ್ವರಗಳು. ‘ಆ’, ‘ಓ’ ಎಂಬ ದಪ್ಪ ಸದ್ದು ಕೇಳುತ್ತದೆ, ಆದರೆ ಸ, ಶ, ಫ, ತ ಮುಂತಾದ ಅಕ್ಷರಗಳು ತಪ್ಪಿಹೋಗುತ್ತವೆ. ಅಂದರೆ ಮಾತು ಕಿವಿಗೆ ಬೀಳುತ್ತದೆ, ಅರ್ಥವಾಗುವುದಿಲ್ಲ. ‘ಬೇಕಾದ್ದು ಕೇಳುತ್ತದೆ, ಬೇಡದ್ದು ಕೇಳುವುದಿಲ್ಲ’ ಎಂದು ನಾವು ಹಿರಿಯರನ್ನು ಗೇಲಿ ಮಾಡುತ್ತೇವಲ್ಲ, ಅದರ ಹಿಂದಿನ ನಿಜ ಇದು. ನಾವು ಕಿರುಚಿದರೆ ದಪ್ಪ ಸದ್ದು ಇನ್ನೂ ದಪ್ಪವಾಗುತ್ತದೆ ಅಷ್ಟೇ, ತಪ್ಪಿದ ಅಕ್ಷರ ಸಿಗುವುದಿಲ್ಲ. ಎದುರು ಕುಳಿತು, ಮುಖ ಕಾಣುವ ಹಾಗೆ, ಸ್ವಲ್ಪ ನಿಧಾನವಾಗಿ ಹೇಳಿದರೆ ಕಿರುಚುವುದೇ ಬೇಡ.

ಮೆಷಿನ್ ಹಾಕಿದ ಕೂಡಲೇ ಎಲ್ಲ ಸರಿಯಾಗುತ್ತದೆ ಎಂಬುದೂ ಸುಳ್ಳು. ವರ್ಷಗಟ್ಟಲೆ ಕೇಳದೆ ಇದ್ದ ಫ್ಯಾನಿನ ಸದ್ದು, ಪಾತ್ರೆಯ ಸದ್ದು, ಚಪ್ಪಲಿಯ ಸದ್ದು ಎಲ್ಲ ಒಮ್ಮೆಲೇ ಒಳಗೆ ನುಗ್ಗುತ್ತದೆ. ಯಾವುದನ್ನು ಬಿಡಬೇಕು, ಯಾವುದನ್ನು ಹಿಡಿಯಬೇಕು ಎಂದು ಮೆದುಳು ಪುನಃ ಕಲಿಯಬೇಕು. ಅದಕ್ಕೆ ವಾರಗಳು, ಕೆಲವರಿಗೆ ತಿಂಗಳುಗಳೇ ಬೇಕು. ಮೊದಲು ಸದ್ದಿಲ್ಲದ ಕೋಣೆಯಲ್ಲಿ ಒಬ್ಬರ ಜೊತೆ ಒಂದೆರಡು ಗಂಟೆ, ಆಮೇಲೆ ಮನೆಯೊಳಗೆ, ಕೊನೆಗೆ ಪೇಟೆ, ಮದುವೆ ಹಾಲ್. ನಾವು ಮಾಡಿದ್ದೇನು? ಮೊದಲ ದಿನವೇ ಉಪ್ಪನನ್ನು ಒಂದು ನಿಕಾಹಿಗೆ ಕರೆದುಕೊಂಡು ಹೋದೆವು!

ಪುನಃ ಪರೀಕ್ಷೆ ಮಾಡಿಸಿ, ಮೆಷಿನ್ ಹದ ಮಾಡಿಸಿ ಎರಡು ವರ್ಷವಾಯಿತು. ಈಗ ಉಪ್ಪ ಬೆಳಿಗ್ಗೆ ಹಾಕಿದರೆ ಮಲಗುವಾಗ ತೆಗೆಯುತ್ತಾರೆ. ಆದರೆ ದಿನನಿತ್ಯದ ರಗಳೆಗಳು ಇದ್ದೇ ಇವೆ. ಅಂಗಡಿಯವರು ಎಲ್ಲವನ್ನೂ ಹೇಳುವುದಿಲ್ಲ, ಆದ್ದರಿಂದ ನಾವು ಅನುಭವಿಸಿ ಕಲಿತದ್ದನ್ನು ಹೇಳುತ್ತೇವೆ.

ನೀರೇ ಇದರ ದೊಡ್ಡ ಶತ್ರು. ವುಳೂ ಮಾಡುವಾಗ ತೆಗೆದಿಡಬೇಕು, ಕಿವಿ ಸವರಿದ ಮೇಲೆ ಒಣ ಬಟ್ಟೆಯಿಂದ ಒರೆಸಿ ಮತ್ತೆ ಹಾಕಬೇಕು. ದಿನಕ್ಕೆ ಐದು ಸಲ. ಮಸೀದಿಯ ನಳ್ಳಿಯ ಕಟ್ಟೆ ಮೇಲೆ ಇಟ್ಟು ಮರೆತು ಬಂದು, ಅರ್ಧ ದಾರಿಯಿಂದ ನಾವು ಓಡಿಹೋದದ್ದೂ ಉಂಟು. ಈಗ ಜೇಬಿನಲ್ಲಿ ಒಂದು ಸಣ್ಣ ಡಬ್ಬಿ ಇಟ್ಟುಕೊಳ್ಳುತ್ತಾರೆ. ನಮ್ಮ ಕರಾವಳಿಯ ಬೆವರು, ಜೂನಿನಿಂದ ಸೆಪ್ಟೆಂಬರ್‌ವರೆಗಿನ ಮಳೆಯ ತೇವವೂ ಇದಕ್ಕೆ ಆಗುವುದಿಲ್ಲ. ರಾತ್ರಿ ಸೆಲ್ಲಿನ ಬಾಗಿಲು ತೆರೆದು, ಸಿಲಿಕಾ ಜೆಲ್ ಇರುವ ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ತೇವ ಹೋಗುತ್ತದೆ. ಒಣಗಿಸುತ್ತೇನೆ ಎಂದು ಒಲೆಯ ಬಳಿಯಾಗಲಿ, ಬಿಸಿಲಿನಲ್ಲಾಗಲಿ ಇಡಬಾರದು.

ಸೆಲ್ಲಿನ ಹಿಂದೆ ಬಣ್ಣದ ಸ್ಟಿಕ್ಕರ್ ಇರುತ್ತದೆ. 13 ನಂಬರಿನದ್ದು ಕಿತ್ತಳೆ, 312 ಕಂದು, 675 ನೀಲಿ, 10 ಹಳದಿ. ನಂಬರ್ ನೆನಪಿಲ್ಲದಿದ್ದರೂ ಬಣ್ಣ ನೆನಪಿದ್ದರೆ ಸಾಕು. ಸ್ಟಿಕ್ಕರ್ ತೆಗೆದ ಮೇಲೆ ಗಾಳಿ ಒಳಗೆ ಹೋಗಿಯೇ ಆ ಸೆಲ್ ಕೆಲಸ ಮಾಡುವುದು. ಆದ್ದರಿಂದ ತೆಗೆದು ಒಂದು ನಿಮಿಷ ಬಿಟ್ಟು ಹಾಕಬೇಕು. ಒಟ್ಟಿಗೆ ನಾಲ್ಕರ ಸ್ಟಿಕ್ಕರ್ ತೆಗೆದಿಟ್ಟರೆ ನಾಲ್ಕೂ ಇಳಿದುಹೋಗುತ್ತವೆ. ಅಂಬೆಗಾಲಿಡುವ ಮಕ್ಕಳಿರುವ ಮನೆಯಲ್ಲಿ ಹಳೆಯ ಸೆಲ್ ಕೆಳಗೆ ಬೀಳದ ಹಾಗೆ ನೋಡಿಕೊಳ್ಳಿ. ಮಗು ನುಂಗಿತು ಎಂಬ ಸಂಶಯ ಬಂದರೂ ಸಾಕು, ಕಾಯದೆ ಆಸ್ಪತ್ರೆಗೆ ಹೋಗಿ.

‘ಕುಂಯ್’ ಎಂದು ಸೀಟಿ ಹೊಡೆಯುತ್ತದೆ ಎಂಬುದು ಎಲ್ಲರ ದೂರು. ಹೊರಗೆ ಸೋರಿದ ಸದ್ದು ಪುನಃ ಮೈಕಿನೊಳಗೆ ಹೋದಾಗ ಹಾಗಾಗುತ್ತದೆ. ಕಿವಿಯೊಳಗಿನ ಅಚ್ಚು ಸಡಿಲವಾಗಿರಬಹುದು, ಗುಗ್ಗೆ ತುಂಬಿರಬಹುದು, ಅಥವಾ ಟೊಪ್ಪಿಯೋ ಶಾಲೋ ಮೆಷಿನಿನ ಮೇಲೆ ಒತ್ತಿರಬಹುದು. ಹೆಂಗಸರಿಗೆ ಮಫ್ತಾದೊಳಗೆ ಈ ತೊಂದರೆ ಜಾಸ್ತಿ. ಬಿಗಿಯಾಗಿ ಸುತ್ತದೆ, ಕಿವಿಯ ಹತ್ತಿರ ತೆಳು ಬಟ್ಟೆ ಬರುವ ಹಾಗೆ ಮಾಡಿದರೆ ಎಷ್ಟೋ ವಾಸಿ.

ಇಷ್ಟೆಲ್ಲ ಹಿರಿಯರ ಮಾತಾಯಿತು. ಮಕ್ಕಳ ವಿಷಯದಲ್ಲಿ ನಾವು ಒಂದು ತಪ್ಪು ಒಪ್ಪಿಕೊಳ್ಳಬೇಕಾಗಿದೆ. ಕೆಲವು ವರ್ಷಗಳ ಹಿಂದೆ ನಮ್ಮ ಮದ್ರಸದ ಎರಡನೇ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಸೀನ್, ಸ್ವಾದ್, ಸಾ ಎಷ್ಟು ಸಲ ಹೇಳಿಕೊಟ್ಟರೂ ಅವನಿಗೆ ಮೂರೂ ಒಂದೇ. ಹಿಂದಿನಿಂದ ಕರೆದರೆ ತಿರುಗುವುದಿಲ್ಲ. ನಾವು ಅದನ್ನು ಉದಾಸೀನ ಎಂದುಕೊಂಡೆವು. ಗದರಿಸಿದೆವು, ನಿಲ್ಲಿಸಿದೆವು, ಕೊನೆಯ ಬೆಂಚಿಗೆ ಕಳಿಸಿದೆವು. ಕೊನೆಯ ಬೆಂಚಿಗೆ! ಕೇಳದ ಮಗುವನ್ನು ಇನ್ನೂ ಕೇಳದ ಜಾಗಕ್ಕೆ. ಒಂದು ವರ್ಷದ ಮೇಲೆ ಶಾಲೆಗೆ ಬಂದ ಡಾಕ್ಟರು ನೋಡಿ, ಎರಡೂ ಕಿವಿಯಲ್ಲಿ ಕೇಳಿಸುವುದು ಕಡಿಮೆ ಎಂದು ಹೇಳಿದರು. ಮೆಷಿನ್ ಹಾಕಿಕೊಂಡು ಬಂದ ಮೊದಲ ವಾರ ಅವನು ಸೀನ್ ಹೇಳಿದಾಗ ಅವನ ಮುಖ ನೋಡಲು ನಮಗೆ ಧೈರ್ಯ ಬರಲಿಲ್ಲ. ಅವನಲ್ಲಿ ಕ್ಷಮೆ ಕೇಳಿದ್ದೇವೆ. ಅವನು ನಕ್ಕುಬಿಟ್ಟ. ಮಕ್ಕಳ ಮನಸ್ಸು ದೊಡ್ಡದು.

ಸರಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಶುರುವಾದದ್ದು. ಅದರ ತಂಡ ಅಂಗನವಾಡಿ, ಸರಕಾರಿ ಶಾಲೆಗಳಿಗೆ ಹೋಗಿ ಮಕ್ಕಳ ಕಿವಿಯನ್ನೂ ನೋಡುತ್ತದೆ. ಮದ್ರಸದಲ್ಲಿ ನೋಡಬೇಕಾದವರು ಉಸ್ತಾದರುಗಳಾದ ನಾವೇ. ಮಗು ಟಿವಿಯ ಸದ್ದು ಜಾಸ್ತಿ ಮಾಡುತ್ತದೆಯೇ, ಕರೆದರೆ ಓಗೊಡುವುದಿಲ್ಲವೇ, ಅಕ್ಷರ ತೊದಲುತ್ತದೆಯೇ, ಕಿವಿ ಸೋರುತ್ತದೆಯೇ? ಇದರಲ್ಲಿ ಒಂದಿದ್ದರೂ ಮನೆಯವರಿಗೆ ಹೇಳಬೇಕು. ಸೋರುವ ಕಿವಿಗೆ ಬಿಸಿ ಎಣ್ಣೆ ಬಿಡುವ, ಪಿನ್ನು ಹಾಕಿ ಕೆರೆಯುವ ಅಭ್ಯಾಸವನ್ನು ದಯವಿಟ್ಟು ನಿಲ್ಲಿಸಬೇಕು.

ಇನ್ನು ನಾಚಿಕೆಯ ವಿಷಯ. ಕನ್ನಡಕ ಹಾಕಿದರೆ ‘ಓದುವ ಮಗು’ ಎನ್ನುತ್ತೇವೆ, ಕಿವಿಗೆ ಮೆಷಿನ್ ಹಾಕಿದರೆ ‘ಕೆಪ್ಪ’ ಎನ್ನುತ್ತೇವೆ. ನಮಗೆ ಗೊತ್ತಿರುವ ಮನೆಯೊಂದರಲ್ಲಿ ಹುಡುಗಿಯನ್ನು ನೋಡಲು ಗಂಡಿನ ಕಡೆಯವರು ಬಂದ ದಿನ, ಮನೆಯವರೇ ಅವಳ ಮೆಷಿನ್ ತೆಗೆಸಿಟ್ಟರು. ಬಂದ ಹೆಂಗಸರು ಕೇಳಿದ್ದಕ್ಕೆಲ್ಲ ಅವಳು ನಗುತ್ತಾ ತಲೆಯಾಡಿಸಿದಳಂತೆ. ‘ಮುಂದೆ ಓದುವುದಿಲ್ಲ ಅಲ್ಲವೇ?’ ಎಂಬುದಕ್ಕೂ ತಲೆಯಾಡಿಸಿದಳು. ಓದಬೇಕೆಂದು ಆಸೆಯಿದ್ದ ಹುಡುಗಿ ಅವಳು. ಆಮೇಲೆ ವಿಷಯ ಗೊತ್ತಾಗಿ ಸಂಬಂಧವೂ ಮುರಿಯಿತು, ‘ಮುಚ್ಚಿಟ್ಟರು’ ಎಂಬ ಮಾತೂ ಬಂತು. ಮುಚ್ಚಿಡುವಂಥದ್ದು ಎಂತ ಇತ್ತು ಅದರಲ್ಲಿ? ಮೆಷಿನ್ ಹಾಕಿಕೊಂಡೇ ಕೂತಿದ್ದರೆ ಅವಳ ಉತ್ತರ ಅವಳದ್ದೇ ಆಗಿರುತ್ತಿತ್ತು.

ಇದೇನು ಯಾರೋ ನಾಲ್ಕು ಜನರ ಕಷ್ಟವಲ್ಲ. ಜಗತ್ತಿನಲ್ಲಿ 43 ಕೋಟಿ ಜನರಿಗೆ ಕಿವಿಯ ವಿಷಯದಲ್ಲಿ ಚಿಕಿತ್ಸೆ ಅಥವಾ ಸಹಾಯ ಬೇಕಾಗಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರ ವರದಿಯಲ್ಲಿ ಹೇಳಿದೆ. ವಯಸ್ಸಿನ ಮರೆಗುಳಿತನಕ್ಕೆ ಕಾರಣವಾಗಬಲ್ಲ, ಆದರೆ ನಾವು ಸರಿಪಡಿಸಬಹುದಾದ ಸಂಗತಿಗಳನ್ನು 2020ರಲ್ಲಿ ಲ್ಯಾನ್ಸೆಟ್ ಆಯೋಗ ಪಟ್ಟಿ ಮಾಡಿತು. ಆ 12ರಲ್ಲಿ ಕಿವಿ ಕೇಳಿಸದಿರುವುದೂ ಒಂದು. ಉಪ್ಪನನ್ನು ಮಾತಿನಿಂದ ಹೊರಗಿಡುವುದು ಎಷ್ಟು ದೂರ ಹೋಗಬಹುದು ಎಂದು ಇದರಿಂದ ಅಂದಾಜು ಮಾಡಿ.

ನಮ್ಮ ಜಮಾಅತ್ ಕಮಿಟಿಗಳಲ್ಲಿಯೂ ಒಂದು ಮಾತು ಕೇಳಲಿಕ್ಕಿದೆ. ಹೊಸ ಮಸೀದಿ ಕಟ್ಟುವಾಗ ಗುಂಬಜ್, ಮಾರ್ಬಲ್, ಎ.ಸಿ. ಎಲ್ಲದರ ಚರ್ಚೆ ಆಗುತ್ತದೆ. ಆದರೆ ಬರೀ ಟೈಲ್ಸ್, ಕಾಂಕ್ರೀಟು ಇರುವ ಹಾಲಿನಲ್ಲಿ ಲೌಡ್ ಸ್ಪೀಕರಿನ ಸದ್ದು ಪ್ರತಿಧ್ವನಿಸಿ, ಮೆಷಿನ್ ಹಾಕಿದವರಿಗೆ ಖುತ್ಬಾ ಪೂರಾ ಕಲಸುಮೇಲೋಗರ. ಅನೇಕ ಮೆಷಿನುಗಳಲ್ಲಿ ಟೆಲಿಕಾಯಿಲ್ ಎಂಬ ಸಣ್ಣ ಸುರುಳಿ ಇರುತ್ತದೆ. ಹಾಲಿನ ಸುತ್ತ ಒಂದು ತಂತಿ ಎಳೆದು ಅದಕ್ಕೆಂದೇ ಇರುವ ಆಂಪ್ಲಿಫೈಯರಿಗೆ ಜೋಡಿಸಿದರೆ ಮೈಕಿನ ಮಾತು ಗದ್ದಲವಿಲ್ಲದೆ ನೇರ ಕಿವಿಗೆ ಬರುತ್ತದೆ. ಇದಕ್ಕೆ ಲೂಪ್ ಎನ್ನುತ್ತಾರೆ. ನೆಲ ಹಾಸುವ ಮೊದಲೇ ಹಾಕಿಸಿದರೆ ಕೆಲಸ ಸುಲಭ. ಅದು ಆಗದಿದ್ದರೂ, ಖತೀಬರ ಮುಖ ಕಾಣುವ ಜಾಗದಲ್ಲಿ ಅಂಥವರಿಗೆ ಸ್ಥಳ ಬಿಟ್ಟುಕೊಡಲು ಖರ್ಚೇನೂ ಇಲ್ಲ.

ದುಡ್ಡಿನ ವಿಷಯಕ್ಕೆ ಬಂದರೆ, ಮೆಷಿನ್ ಕೆಲವು ಸಾವಿರದಿಂದ ಲಕ್ಷದ ಮೇಲಿನವರೆಗೂ ಇದೆ. ಎಲ್ಲರಿಗೂ ಗಲ್ಫಿನಲ್ಲಿ ಮಗ ಇರುವುದಿಲ್ಲ. ಕೇಂದ್ರ ಸರಕಾರದ ಅಡಿಪ್ ಯೋಜನೆಯಲ್ಲಿ, ಶೇ.40 ಅಥವಾ ಹೆಚ್ಚಿನ ಅಂಗವೈಕಲ್ಯದ ಪ್ರಮಾಣಪತ್ರವಿದ್ದು ಆದಾಯ ಮಿತಿಯೊಳಗಿದ್ದರೆ ಉಚಿತವಾಗಿ ಅಥವಾ ಅರ್ಧ ಬೆಲೆಗೆ ಸಿಗುತ್ತದೆ. ಪ್ರಮಾಣಪತ್ರಕ್ಕೆ, ಯುಡಿಐಡಿ ಕಾರ್ಡಿಗೆ ಜಿಲ್ಲಾ ಆಸ್ಪತ್ರೆಗೆ ಹೋಗಬೇಕು, ಮಂಗಳೂರಿನವರಿಗೆ ಅದು ವೆನ್ಲಾಕ್. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ದೇಶದ ಬೇರೆ ಬೇರೆ ಕಡೆಯಿಂದ ಅಲ್ಲಿಗೆ ಜನ ಬರುತ್ತಾರೆ. ನಮಗೆ ಅದು ಒಂದು ರಾತ್ರಿಯ ಬಸ್ಸು. ನಮ್ಮ ಯುವಕರ ಸಂಘಟನೆಗಳು ರಕ್ತದಾನ ಶಿಬಿರ ಎಷ್ಟು ಚೆನ್ನಾಗಿ ಮಾಡುತ್ತಾರೆ! ಮಾರ್ಚ್ 3 ವಿಶ್ವ ಶ್ರವಣ ದಿನ. ಆ ದಿನ ಊರಿಗೊಂದು ಕಿವಿ ಪರೀಕ್ಷೆಯ ಶಿಬಿರ ಇಡಬಹುದಲ್ಲವೇ? ಅರ್ಜಿ ತುಂಬಿಸಿಕೊಡಲು ಇಬ್ಬರು ಹುಡುಗರು ಕುಳಿತರೂ ಎಷ್ಟೋ ಮನೆಗಳಿಗೆ ಉಪಕಾರ.

ಆದರೆ ಕಮಿಟಿಯೂ ಸರಕಾರವೂ ಕೊಡಲಾಗದ್ದು ಒಂದಿದೆ, ಅದು ಮನೆಯವರ ತಾಳ್ಮೆ. ಮೆಷಿನ್ ಸದ್ದನ್ನು ಕಿವಿಯವರೆಗೆ ತಂದುಕೊಡುತ್ತದೆ. ಎದುರು ಬಂದು ಮಾತಾಡಬೇಕಾದವರು ನಾವು. ಟಿವಿ ಸಣ್ಣ ಮಾಡಿ. ಒಬ್ಬರಾದ ಮೇಲೆ ಒಬ್ಬರು ಮಾತಾಡಿ. ಅಡುಗೆ ಕೋಣೆಯಿಂದ ಕೂಗಬೇಡಿ, ಹತ್ತಿರ ಬಂದು ಹೇಳಿ. ಗಲ್ಫಿನ ಮಕ್ಕಳು ವಾಯ್ಸ್ ಕಳಿಸುವ ಬದಲು ವಿಡಿಯೋ ಕಾಲ್ ಮಾಡಿ, ಬೆಳಕಿನ ಎದುರು ಕುಳಿತು ಮಾಡಿ, ಉಪ್ಪನಿಗೆ ನಿಮ್ಮ ತುಟಿ ಕಾಣಲಿ.

ಕಳೆದ ವಾರ ಊಟದ ಹೊತ್ತಿಗೆ ನಮ್ಮ ಸಣ್ಣ ಮಗಳು ಶಾಲೆಯ ಏನೋ ತಮಾಷೆ ಹೇಳಿದಳು. ಉಪ್ಪ "ಎಂತ?" ಎಂದರು. ಅಭ್ಯಾಸಬಲದಿಂದ ನಮ್ಮ ಬಾಯಿಗೆ ‘ಎಂತ ಇಲ್ಲ’ ಬಂದೇಬಿಟ್ಟಿತ್ತು. ಅಷ್ಟರಲ್ಲಿ ಅವಳೇ ಎದ್ದು ಅವರ ಎದುರು ಹೋಗಿ ಕುಳಿತು, ಮೊದಲಿನಿಂದ ಪೂರ್ತಿ ಹೇಳಿದಳು. ತಮಾಷೆ ಅಷ್ಟೇನೂ ಚೆನ್ನಾಗಿರಲಿಲ್ಲ. ಉಪ್ಪ ಮಾತ್ರ ತುಂಬಾ ಹೊತ್ತು ನಕ್ಕರು.