ಪಾಳಿಯಲ್ಲಿ ನಿಂತ ದನಿಗಳು



ಧಾರವಾಡದ ಕಡೆಯ ಕನ್ನಡದಲ್ಲಿ ‘ಪಾಳಿ’ ಎಂಬ ಮಾತಿದೆ. ಮರಾಠಿಯಲ್ಲಿಯೂ ಅದೇ ಮಾತಿದೆ. ಅರ್ಥವೂ ಹೆಚ್ಚುಕಡಿಮೆ ಅದೇ. ಸರದಿ ಎಂದರೂ ಅದೇ, ತನ್ನ ಹೊತ್ತು ಬರುವವರೆಗೆ ಕಾಯುವುದು ಎಂದರೂ ಅದೇ. ಪುಣೆಗೆ ಬಂದು ನೆಲೆಸಿದ ನಮ್ಮ ಹಿರಿಯರು ಈ ಮಾತಿಗೆ ಅನುವಾದ ಹುಡುಕುವ ಕಷ್ಟಪಡಬೇಕಾಗಲಿಲ್ಲ. ರೇಶನ್ ಅಂಗಡಿಯ ಮುಂದೆ, ನಳದ ಮುಂದೆ, ಮಕ್ಕಳ ಶಾಲೆಯ ಪ್ರವೇಶಕ್ಕೆ, ರಹವಾಸಿ ದಾಖಲೆಗೆ ಅವರು ಪಾಳಿ ಹಚ್ಚಿದವರೇ. ಇತ್ತೀಚಿನ ವರ್ಷಗಳಲ್ಲಿ ನಮ್ಮ ಮನೆಗಳ ಮಕ್ಕಳು ಇನ್ನೊಂದು ಪಾಳಿಯಲ್ಲಿ ನಿಲ್ಲತೊಡಗಿದ್ದಾರೆ. ಅದು ದೂರದರ್ಶನ ವಾಹಿನಿಗಳ ಗಾಯನಸ್ಪರ್ಧೆಗಳ ಆಯ್ಕೆಯ ಪಾಳಿ. ಇದನ್ನು ಹುಡುಗಾಟವೆಂದು ನಕ್ಕು ಬಿಡುವವರು ನಮ್ಮಲ್ಲಿದ್ದಾರೆ. ಆ ಪಾಳಿಯಿಂದ ಆಯ್ಕೆಯಾಗಿ ಬಂದವರಿಗೆ ಶಾಲು ಹೊದಿಸಲು ಅವಸರಪಡುವವರೂ ಇದ್ದಾರೆ. ಇವೆರಡೂ ಸಾಲದು ಎಂಬುದು ನನ್ನ ಅಭಿಪ್ರಾಯ.

ಕಳೆದ ವರ್ಷ ಒಂದು ಭಾನುವಾರ ನಮ್ಮ ಸದಸ್ಯರೊಬ್ಬರ ಮಗಳ ಜೊತೆಗೆ ಅಂಥದೊಂದು ಪಾಳಿಯಲ್ಲಿ ನಾನೂ ನಿಂತಿದ್ದೆ. ತಂದೆಗೆ ಕಾರಖಾನೆಯ ಪಾಳಿ ಇತ್ತು. ತಾಯಿಗೆ ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ. ಬೆಳಗಿನ ಐದೂವರೆಗೆ ನಾವು ಮೈದಾನ ಮುಟ್ಟಿದಾಗ ಸಾಲು ಆಗಲೇ ಕಾಂಪೌಂಡು ದಾಟಿ ರಸ್ತೆಗೆ ಬಂದಿತ್ತು. ಸೊಲ್ಲಾಪುರದಿಂದ ರಾತ್ರಿ ಬಸ್ಸಿನಲ್ಲಿ ಬಂದಿದ್ದ ತಂದೆ ಮಕ್ಕಳು, ಜತ್ತದಿಂದ ಬಂದ ಹಾರ್ಮೋನಿಯಂ ಮಾಸ್ತರರು, ಗಂಟಲಿಗೆ ಮಫ್ಲರ್ ಸುತ್ತಿಕೊಂಡು ಯಾರೊಡನೆಯೂ ಮಾತಾಡದ ಕಾಲೇಜು ಹುಡುಗರು ಅಲ್ಲಿದ್ದರು. ಒಂಬತ್ತಕ್ಕೆ ಗೇಟು ತೆರೆದರು. ಅದಕ್ಕೆ ಮುಂಚೆ ಕ್ಯಾಮರಾದವರು ಬಂದು ಎಲ್ಲರೂ ಕೈಯೆತ್ತಿ ಕೂಗಬೇಕೆಂದರು. ಮೊದಲ ಕೂಗು ಅವರಿಗೆ ಸಾಲದೆ ಮೂರು ಸಲ ಕೂಗಿಸಿದರು. ಹಾಡಲೆಂದು ಕಾದಿಟ್ಟ ಗಂಟಲುಗಳನ್ನು ಕೂಗಿಸಿ ಕೆಡಿಸುವ ವಿಚಿತ್ರ ವ್ಯವಸ್ಥೆ ಅದು! ನೆರಳಿಲ್ಲ, ಕುಡಿಯುವ ನೀರು ಮಧ್ಯಾಹ್ನದವರೆಗೆ ಬರಲಿಲ್ಲ.

ಅರ್ಜಿ ತುಂಬುವಾಗ ಹುಡುಗಿ ‘ಮಾತೃಭಾಷೆ’ ಎಂಬಲ್ಲಿ ಪೆನ್ನು ನಿಲ್ಲಿಸಿದಳು. “ಕಾಕಾ, ಇಲ್ಲೇನು ಬರೀಲಿ?” ಎಂದು ಕೇಳಿದಳು. “ಮನ್ಯಾಗ ಏನ್ ಮಾತಾಡ್ತಿ, ಅದನ್ನ ಬರಿ” ಎಂದೆ. “ಅವ್ವನ ಜೋಡಿ ಕನ್ನಡ, ತಮ್ಮನ ಜೋಡಿ ಮರಾಠಿ. ಹಾಡೂದು ಹಿಂದಿ” ಎಂದಳು. ಕಡೆಗೆ ಕನ್ನಡ ಎಂದು ಬರೆದಳು. ಅದರ ಕೆಳಗೆ, ಹಾಡಲಿರುವ ಮೂರು ಗೀತೆಗಳ ಹೆಸರು ಕೇಳಿದ್ದರು. ಮೂರೂ ಹಿಂದಿ ಚಲನಚಿತ್ರದವೇ ಆಗಿರಬೇಕೆಂಬುದು ನಿಯಮ. ಬಿಸಿಲೇರಿದಾಗ ಬೇಸರ ಕಳೆಯಲು ಸಾಲಿನಲ್ಲಿ ಹಾಡುಗಳು ಎದ್ದವು. ಅವಳೂ ಅಜ್ಜಿಯಿಂದ ಕಲಿತ ಪುರಂದರದಾಸರ ಪದವೊಂದನ್ನು ಸಣ್ಣ ದನಿಯಲ್ಲಿ ಹೇಳಿದಳು. ಮುಂದೆ ನಿಂತಿದ್ದ ಮರಾಠಿ ಅಜ್ಜಿಯೊಬ್ಬರು ತಿರುಗಿ, “ಹೆ ತರ ಅಣ್ಣಾಂಚಂ!” ಎಂದರು. ಅಣ್ಣಾ ಎಂದರೆ ಭೀಮಸೇನ ಜೋಶಿಯವರು. ಭಾಷೆ ತಿಳಿಯದಿದ್ದರೂ ಆ ಪದ ಅವರಿಗೆ ಪರಕೀಯವಾಗಿರಲಿಲ್ಲ. ಮಧ್ಯಾಹ್ನ ಮೂರರ ಸುಮಾರಿಗೆ ಹುಡುಗಿಯನ್ನು ಒಳಗೆ ಕರೆದರು. ಹೆಸರಾಂತ ತೀರ್ಪುಗಾರರು ಯಾರೂ ಅಲ್ಲಿರಲಿಲ್ಲ. ಮೇಜಿನ ಹಿಂದೆ ಇಬ್ಬರು ತರುಣರಿದ್ದರಂತೆ. ಪಲ್ಲವಿ ಮುಗಿಯುವ ಮೊದಲೇ “ಧನ್ಯವಾದ” ಎಂದರಂತೆ. ಒಂಬತ್ತೂವರೆ ಗಂಟೆಯ ಕಾಯುವಿಕೆಗೆ ಅರ್ಧ ನಿಮಿಷದ ಆಲಿಕೆ!

ಇಷ್ಟನ್ನು ಹೇಳಿ ಈ ಸ್ಪರ್ಧೆಗಳನ್ನು ಜರಿದುಬಿಡುವುದು ಸುಲಭ. ಆದರೆ ಅದು ನ್ಯಾಯವಾಗದು. 1995ರಲ್ಲಿ ಝೀ ವಾಹಿನಿಯಲ್ಲಿ ‘ಸ ರೆ ಗ ಮ’ ಆರಂಭವಾದಾಗ ಚಿತ್ರಗೀತೆಯ ಬಾಗಿಲು ಎಷ್ಟು ಕಿರಿದಾಗಿತ್ತೆಂಬುದನ್ನು ಮರೆಯಲಾಗದು. ಮುಂಬಯಿಯಲ್ಲಿ ಬೆರಳೆಣಿಕೆಯ ಗಾಯಕರು, ಅವರ ಸುತ್ತ ಬೆರಳೆಣಿಕೆಯ ಸಂಗೀತ ನಿರ್ದೇಶಕರು; ಹೊರಗಿನವರಿಗೆ ಪ್ರವೇಶವೇ ದುರ್ಲಭ. ಶ್ರೇಯಾ ಘೋಷಾಲ್ ಆ ವೇದಿಕೆಯಿಂದಲೇ ಬಂದವರು. ಇಂದು ಕನ್ನಡ ಚಿತ್ರಗೀತೆಗಳಲ್ಲಿಯೂ ಅವರ ದನಿ ನಮಗೆ ಚಿರಪರಿಚಿತ. ಮೈಸೂರಿನಿಂದ ಮುಂಬಯಿಗೆ ಹೋದ ವಿಜಯ ಪ್ರಕಾಶರು ಅದೇ ಸ್ಪರ್ಧೆಯಲ್ಲಿ ಸ್ಪರ್ಧಿಯಾಗಿದ್ದವರು, ಮುಂದೆ ಕನ್ನಡದ ‘ಸರಿಗಮಪ’ದಲ್ಲಿ ತೀರ್ಪುಗಾರರ ಪೀಠದಲ್ಲಿ ಕುಳಿತರು. ನಮ್ಮ ಪಕ್ಕದ ಆಳಂದಿಯ ಬಾಲೆ ಕಾರ್ತಿಕಿ ಗಾಯಕವಾಡ 2009ರಲ್ಲಿ ಮರಾಠಿಯ ‘ಲಿಟ್ಲ್ ಚಾಂಪ್ಸ್’ ಗೆದ್ದಾಗ ವಾರಕರಿ ಭಜನೆಯ ಮನೆತನದ ದನಿಯೊಂದು ಮಹಾರಾಷ್ಟ್ರದ ಮನೆಮನೆಗೆ ತಲುಪಿತು. ಹಾವೇರಿ ಜಿಲ್ಲೆಯ ಕುರಿಗಾಹಿ ಹನುಮಂತ ‘ಸರಿಗಮಪ’ದ ಹದಿನೈದನೆಯ ಆವೃತ್ತಿಯಲ್ಲಿ ಎರಡನೆಯ ಸ್ಥಾನ ಪಡೆದದ್ದನ್ನು ನಾವೆಲ್ಲ ನೋಡಿದ್ದೇವೆ. ಕುರಿ ಕಾಯುವ ಹುಡುಗನಿಗೆ ಇನ್ನಾವ ಸಭೆ ವೇದಿಕೆ ಹಾಸುತ್ತಿತ್ತು? ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರು ‘ಎದೆ ತುಂಬಿ ಹಾಡುವೆನು’ ಕಾರ್ಯಕ್ರಮದಲ್ಲಿ ಮಕ್ಕಳ ಒಂದೊಂದು ಉಚ್ಚಾರವನ್ನೂ ತಿದ್ದುತ್ತಿದ್ದುದನ್ನು ನೆನೆದರೆ, ಈ ಮಾಧ್ಯಮದಲ್ಲಿ ಪಾಠಕ್ಕೂ ಸ್ಥಳವಿತ್ತೆಂದು ಒಪ್ಪಬೇಕಾಗುತ್ತದೆ.

ಹಳೆಯ ಕಾಲದ ಕಾಯುವಿಕೆ ಬೇರೆ ಬಗೆಯದು. ಗದಗಿನ ಭೀಮಸೇನರು 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನು ಹುಡುಕಿ ಮನೆ ಬಿಟ್ಟರು. ಗ್ವಾಲಿಯರ, ಕಲಕತ್ತೆ, ಜಾಲಂಧರಗಳನ್ನು ಸುತ್ತಿ ಕಡೆಗೆ ತಮ್ಮ ಊರಿಗೆ ಹತ್ತಿರದ ಕುಂದಗೋಳದಲ್ಲಿಯೇ ಸವಾಯಿ ಗಂಧರ್ವರ ಮನೆಯಲ್ಲಿ ನೀರು ಹೊತ್ತು, ಸೇವೆ ಮಾಡಿ, ವರ್ಷಗಟ್ಟಲೆ ಕಾದು ಕಲಿತರು. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬಂದು ಕಲಿತರು. ಅಲ್ಲಿ ಕಾಯುವುದೇ ಕಲಿಯುವುದಾಗಿತ್ತು. ಗುರು ಇನ್ನೊಬ್ಬರಿಗೆ ಹೇಳುವ ಪಾಠವನ್ನು ಕೇಳುತ್ತ ಕುಳಿತವನ ಕಿವಿಯೂ ಹದಗೊಳ್ಳುತ್ತಿತ್ತು. ಹಾಗೆಂದು ಆ ಕಾಲವನ್ನು ಚಿನ್ನದ ಕಾಲವೆಂದು ಹೊಗಳಲಾರೆ. ಎಷ್ಟು ಮಕ್ಕಳಿಗೆ ಮನೆ ಬಿಟ್ಟು ಹೋಗುವ ಧೈರ್ಯವಿತ್ತು? ಎಷ್ಟು ಹೆಣ್ಣುಮಕ್ಕಳಿಗೆ ಆ ಅವಕಾಶವಿತ್ತು? ಸ್ವತಃ ಗಂಗೂಬಾಯಿಯವರು ಜಾತಿಯ ಕಾರಣಕ್ಕೆ ಉಂಡ ಅವಮಾನ ಸಣ್ಣದಲ್ಲ. ಗುರುಮನೆಯ ಬಾಗಿಲು ಆಳವಾಗಿತ್ತು, ಅಗಲವಾಗಿರಲಿಲ್ಲ. ಮೈದಾನದ ಪಾಳಿ ಅಗಲವಾಗಿದೆ, ಆಳವಾಗಿಲ್ಲ.

ಇವೆರಡರ ನಡುವೆ ಮೂರನೆಯದೊಂದು ಇತ್ತು. ಅದು ಆಕಾಶವಾಣಿ. 1950ರಲ್ಲಿ ಧಾರವಾಡ, 1953ರಲ್ಲಿ ಪುಣೆ ನಿಲಯಗಳು ಆರಂಭವಾದವು. ಅಲ್ಲಿಯೂ ಧ್ವನಿಪರೀಕ್ಷೆ ಇತ್ತು, ಶ್ರೇಣಿಗಳಿದ್ದವು. ದೊಡ್ಡ ಕಲಾವಿದರು ಆ ಪರೀಕ್ಷೆಯಿಂದ ಮುನಿದದ್ದೂ ಉಂಟು. ಆದರೆ ಬಾನುಲಿಗೆ ಬೇಕಾದುದು ದನಿ ಮಾತ್ರ. ಹಾಡುವವರ ಮುಖ, ಬಟ್ಟೆ, ಬಡತನದ ಕಥೆ, ತಾಯಿಯ ಕಣ್ಣೀರು ಅಲ್ಲ. ಇಂದಿನ ವಾಹಿನಿಗೆ ದನಿಯ ಜೊತೆ ಇವೆಲ್ಲವೂ ಬೇಕು. ಅರ್ಜಿಯ ಕೊನೆಯಲ್ಲಿ ‘ನಿಮ್ಮ ಜೀವನದ ಹೋರಾಟವನ್ನು ಬರೆಯಿರಿ’ ಎಂಬ ಅಂಕಣ ಕಂಡಾಗ ನನಗಿದು ಸ್ಪಷ್ಟವಾಯಿತು. ಹದಿನೇಳರ ಹುಡುಗಿ ತನಗೆ ಅಂಥ ಕಷ್ಟವೇನೂ ಇಲ್ಲವೆಂದು ಸಂಕೋಚಪಟ್ಟದ್ದನ್ನು ನೋಡಬೇಕಾಗಿ ಬಂತು.

ಹೊರನಾಡಿನಲ್ಲಿರುವ ನಾವು ವಿಶೇಷವಾಗಿ ಯೋಚಿಸಬೇಕಾದ ಇನ್ನೊಂದು ಮುಖ ಈ ಸ್ಪರ್ಧೆಗಳಿಗಿದೆ. 2004ರಲ್ಲಿ ‘ಇಂಡಿಯನ್ ಐಡಲ್’ ಆರಂಭವಾದ ಮೇಲೆ ಗೆಲವು ಪ್ರೇಕ್ಷಕರ ಮತಕ್ಕೆ ಸೇರಿತು. ಮೊಬೈಲ್ ಸಂದೇಶವೇ ಮತಪತ್ರವಾಯಿತು. 2007ರ ಮೂರನೆಯ ಆವೃತ್ತಿಯ ಅಂತಿಮ ಸುತ್ತಿನಲ್ಲಿ ಇಬ್ಬರಿದ್ದರು. ಒಬ್ಬರು ಡಾರ್ಜಿಲಿಂಗ್‌ನ ಪ್ರಶಾಂತ ತಮಾಂಗ್. ಕಲಕತ್ತೆಯ ಪೊಲೀಸ್ ಪಡೆಯಲ್ಲಿದ್ದವರು. ಬೆಟ್ಟದ ಜನ ಹಣ ಕೂಡಿಸಿ ಅವರಿಗೆ ಮತ ಹಾಕಿದರು, ಅವರು ಗೆದ್ದರು. ಗೆದ್ದ ಬೆನ್ನಲ್ಲೇ ರೇಡಿಯೋ ನಿರೂಪಕನೊಬ್ಬನ ಹೀನಾಯದ ಮಾತಿನಿಂದ ಸಿಲಿಗುರಿಯಲ್ಲಿ ಗಲಭೆಯಾಯಿತು. ಮತಕ್ಕಾಗಿ ಒಗ್ಗೂಡಿದ ಆ ಉತ್ಸಾಹದ ಬೆನ್ನಿಗೇ, ಅದೇ ವರ್ಷದ ಅಕ್ಟೋಬರಿನಲ್ಲಿ ಗೋರ್ಖಾ ಜನಮುಕ್ತಿ ಮೋರ್ಚಾ ಹುಟ್ಟಿತು. ಇನ್ನೊಬ್ಬರು ಶಿಲ್ಲಾಂಗಿನ ಅಮಿತ್ ಪಾಲ್. ಅವರು ಅಲ್ಲಿ ನೆಲೆಸಿದ ಬಂಗಾಳಿ ಮನೆತನದವರು. ಖಾಸಿ ಜನರಿಗೂ ಬಂಗಾಳಿಗಳಿಗೂ 1979ರಿಂದ ಕಹಿ ಉಳಿದಿದ್ದ ಊರಿನಲ್ಲಿ, ಖಾಸಿಗಳು ಈ ‘ಹೊರಗಿನ’ ಹುಡುಗನನ್ನು ನಮ್ಮವನೆಂದು ಎತ್ತಿಕೊಂಡರು. ಮೇಘಾಲಯ ಸರಕಾರ ಅವರನ್ನು ಶಾಂತಿ ಸೌಹಾರ್ದಗಳ ರಾಯಭಾರಿಯನ್ನಾಗಿಸಿತು. ಒಂದೇ ಸ್ಪರ್ಧೆಯ ಒಂದೇ ಸಂಜೆ. ಒಂದು ಕಡೆ ಗುರುತು ಗಟ್ಟಿಯಾಯಿತು, ಇನ್ನೊಂದು ಕಡೆ ಗಡಿ ಮೆತ್ತಗಾಯಿತು. ಬಂದು ನೆಲೆಸಿದವರಾದ ನಮಗೆ ಹತ್ತಿರದ ಕಥೆ ಎರಡನೆಯದು.

ನಮ್ಮ ಪುಣೆಯಲ್ಲಿ ಇದಕ್ಕಿಂತ ಹಳೆಯ ಸಾಕ್ಷಿಯೇ ಇದೆ. ಕುಂದಗೋಳದ ರಾಮಭಾವು ಮರಾಠಿ ರಂಗಭೂಮಿಯಲ್ಲಿ ಸವಾಯಿ ಗಂಧರ್ವರಾದರು. 1952ರಲ್ಲಿ ಇದೇ ಊರಿನಲ್ಲಿ ತೀರಿಕೊಂಡರು. ಅವರ ಹೆಸರಿನ ಉತ್ಸವವನ್ನು ಭೀಮಸೇನರು 1953ರಲ್ಲಿ ಇಲ್ಲಿಯೇ ಆರಂಭಿಸಿದರು. 2022ರ ಡಿಸೆಂಬರಿನಲ್ಲಿ ಗಡಿಯ ಮಾತು ಬಿಸಿಯಾಗಿ ಸ್ವಾರಗೇಟಿನಲ್ಲಿ ಕರ್ನಾಟಕದ ಬಸ್ಸುಗಳಿಗೆ ಮಸಿ ಬಳಿದರು. ಅದೇ ತಿಂಗಳು, ಅದೇ ಊರಿನಲ್ಲಿ, ಎರಡು ವರ್ಷ ನಿಂತಿದ್ದ ಸವಾಯಿ ಗಂಧರ್ವ ಮಹೋತ್ಸವ ಮತ್ತೆ ನಡೆಯಿತು. ಕನ್ನಡಿಗ ಗುರುವಿನ ಹೆಸರು ಬರೆದ ಟಿಕೇಟಿಗಾಗಿ ಪುಣೇಕರರು ಪಾಳಿ ಹಚ್ಚಿದರು. ಮಸಿ ಬಳಿದವರ ಸಂಖ್ಯೆ ದೊಡ್ಡದೋ, ಪಾಳಿ ಹಚ್ಚಿದವರ ಸಂಖ್ಯೆ ದೊಡ್ಡದೋ ಎಂದು ಯಾರಾದರೂ ಕೇಳಿದರೆ ಉತ್ತರ ಹೇಳುವುದು ಕಷ್ಟವಲ್ಲ. ಆದರೆ ಆ ಪ್ರೀತಿ ಯಾರೋ ಮತ ಹಾಕಿದ್ದರಿಂದ ಬಂದುದಲ್ಲ. ಎಂಟು ದಶಕಗಳ ಹಾಡಿಕೆಯಿಂದ, ಕೇಳುವಿಕೆಯಿಂದ ಬೆಳೆದುದು. ಭೀಮಸೇನರು ಮರಾಠಿಗರಿಗೆ ಅಭಂಗಗಳನ್ನು ಹಾಡಿದರು, ಆ ಕಿವಿಗಳಿಗೆ ದಾಸರ ಪದಗಳನ್ನೂ ಮುಟ್ಟಿಸಿದರು. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಾದ ಪ್ರಸಂಗ ಅವರಿಗೆ ಬರಲಿಲ್ಲ.

ನಮ್ಮ ಮಕ್ಕಳಿಗೆ ಆ ಪ್ರಸಂಗ ಬಂದಿದೆ. ಮಾತೃಭಾಷೆ ಕನ್ನಡವೆಂದು ಬರೆದ ಹುಡುಗಿ ಅದರ ಕೆಳಗಿನ ಮೂರು ಸಾಲುಗಳಲ್ಲಿ ಕನ್ನಡವನ್ನು ಬರೆಯುವಂತಿರಲಿಲ್ಲ. ಇದಕ್ಕೆ ವಾಹಿನಿಯನ್ನು ಮಾತ್ರ ದೂರಿ ಪ್ರಯೋಜನವಿಲ್ಲ. ಹಿಂದಿಯ ಕಾರ್ಯಕ್ರಮ ಹಿಂದಿಯ ಹಾಡನ್ನು ಕೇಳುತ್ತದೆ. ಕನ್ನಡ ವಾಹಿನಿಯ ಆಯ್ಕೆಗೆಂದು ಬೆಂಗಳೂರಿಗೋ ಹುಬ್ಬಳ್ಳಿಗೋ ಹೋಗಿಬರುವುದು ಕಾರಖಾನೆಯ ಸಂಬಳದಲ್ಲಿ ಎಲ್ಲರಿಗೂ ಆಗದು. ನಾನು ಕೇಳುವ ಪ್ರಶ್ನೆ ಬೇರೆ. ಆ ಹುಡುಗಿಗೆ ದಾಸರ ಪದವನ್ನು ಗಂಟಲು ಬಿಚ್ಚಿ ಹಾಡಲು ಈ ಊರಿನಲ್ಲಿ ಸ್ಥಳವೆಲ್ಲಿದೆ? ಅಜ್ಜಿಯ ಅಡುಗೆಮನೆ, ಬಿಟ್ಟರೆ ಅಪರಿಚಿತರ ಸಾಲು. ಸಂಘವೆಂಬುದೊಂದು ನಡುವೆ ಇರಬೇಕಲ್ಲವೆ?

ಮುಂದಿನ ರಾಜ್ಯೋತ್ಸವಕ್ಕೆ, ದೂರದರ್ಶನದಲ್ಲಿ ಕಾಣಿಸಿಕೊಂಡ ಹೊರನಾಡ ಮಕ್ಕಳನ್ನು ಕರೆಸಿ ಸನ್ಮಾನಿಸಬೇಕೆಂಬ ಸೂಚನೆ ಕಾರ್ಯಕಾರಿ ಸಮಿತಿಯ ಮುಂದಿದೆ. ಸೂಚಿಸಿದವರ ಪ್ರೀತಿಯ ಬಗೆಗೆ ನನಗೆ ಸಂದೇಹವಿಲ್ಲ. ಎಳೆಯರನ್ನು ಸಂಘದತ್ತ ಸೆಳೆಯಲು ಇದೇ ದಾರಿಯೆಂಬ ಅವರ ಮಾತಿನಲ್ಲಿ ಹುರುಳೂ ಇದೆ. ಆದರೆ ಮೈದಾನದಲ್ಲಿ ನಿಂತ ಸಾವಿರಾರು ಮಕ್ಕಳಲ್ಲಿ ತೆರೆಯ ಮೇಲೆ ಕಾಣುವವರು ಹತ್ತೋ ಹದಿನೈದೋ. ಅವರಿಗೆ ಶಾಲು ಹೊದಿಸಲು ವಾಹಿನಿಯೇ ಇದೆ. ಉಳಿದವರೇ ನಮ್ಮವರು, ಸಂಜೆ ಬಸ್ಸಿನಲ್ಲಿ ಮಾತಿಲ್ಲದೆ ಮನೆಗೆ ಮರಳುವವರು. ಆ ಹಣದಲ್ಲಿ ವಾರಕ್ಕೊಂದು ಸಂಜೆ ಸಂಗೀತದ ಗುರುವೊಬ್ಬರನ್ನು ಸಂಘದ ಕೋಣೆಗೆ ಕರೆಯೋಣ. ವಚನ, ದಾಸರ ಪದ, ಭಾವಗೀತೆ, ಜಾನಪದ ಯಾವುದಾದರೂ ಆಗಲಿ. ಪಲ್ಲವಿಯಿಂದ ಕೊನೆಯ ಚರಣದವರೆಗೆ ಪೂರ್ತಿಯಾಗಿ ಕೇಳುವ ಸಭೆ ಅದಾಗಲಿ. ಅಲ್ಲಿ ಅಂಕವಿರಬಾರದು, ಗಂಟೆಯಿರಬಾರದು. ಮರಾಠಿ ನೆರೆಹೊರೆಯವರಿಗೂ ಬಾಗಿಲು ತೆರೆದಿರಲಿ. ಅವರ ಅಭಂಗವನ್ನು ನಮ್ಮ ಮಕ್ಕಳೂ ಕಲಿಯಲಿ. ಪಾಳಿಗೆ ಹೋಗಬಯಸುವ ಮಕ್ಕಳನ್ನು ತಡೆಯುವುದು ಬೇಡ. ಜೊತೆಗೆ ಹಿರಿಯರೊಬ್ಬರು ಹೋಗಲಿ, ನೀರಿನ ಬಾಟಲಿ ಒಯ್ಯಲಿ, ಕರಾರುಪತ್ರವಿದ್ದರೆ ಸಹಿಗೆ ಮೊದಲು ಓದಿ ಹೇಳಲಿ.

ಈ ಸೂಚನೆಯನ್ನು ಒಪ್ಪದವರು ಬರೆಯಬೇಕು; ಅವರ ಪತ್ರಗಳನ್ನು ಮುಂದಿನ ಸಂಚಿಕೆಯಲ್ಲಿ ಪೂರ್ತಿಯಾಗಿ ಪ್ರಕಟಿಸುತ್ತೇವೆ. ಒಪ್ಪುವವರು ತಮ್ಮ ಬಡಾವಣೆಯಲ್ಲಿ ಹಾಡು ಕಲಿಸಬಲ್ಲವರ ಹೆಸರು ತಿಳಿಸಬೇಕು. ರಾಜ್ಯೋತ್ಸವಕ್ಕೆ ಮೊದಲು ಸಮಿತಿ ನಿರ್ಧರಿಸಬೇಕಾಗಿರುವುದರಿಂದ, ಪತ್ರಗಳು ಈ ತಿಂಗಳೊಳಗೆ ತಲುಪಿದರೆ ಒಳಿತು.

— ಸಂಪಾದಕ